ಎಲ್ಲರ ಪರವಾಗಿ ಒಂದು ಹೂಂ

"ಅಮ್ಮಾ, ಸೂಜಿ ಅತ್ತೆ ಗೋಡೆ ಜೊತೆ ಯಾಕೆ ಜಗಳ ಆಡ್ತಾರೆ?" ಮಗಳು ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೇಳಿದಳು.

ಪಕ್ಕದ ಮನೆಯ ನರ್ಸಕ್ಕನಿಗೆ ಅವಳಿಟ್ಟ ಹೆಸರು ಅದು. ಲಸಿಕೆ ಹಾಕಿಸಿಕೊಂಡ ದಿನದಿಂದ ಅವರೆಂದರೆ ಭಯವೂ ಉಂಟು, ಪ್ರೀತಿಯೂ ಉಂಟು. ನಮ್ಮಿಬ್ಬರ ಮನೆಗೂ ಸೇರಿ ಇರುವುದು ಒಂದೇ ಗೋಡೆ, ಅದೂ ತೆಳು. ಆ ಕಡೆ ಅಕ್ಕ ಒಂದೇ ಸಮನೆ ಹೇಳುತ್ತಿದ್ದರು: "ಸಾರ್, ದಯವಿಟ್ಟು ಕೇಳಿ. ಸಾರ್, ನನ್ನ ಮಾತಿನ್ನೂ ಮುಗಿದಿಲ್ಲ. ಸಾರ್, ಟೀ ಆಮೇಲೆ ಕುಡೀರಿ."

"ಜಗಳ ಅಲ್ಲ ಪುಟ್ಟಿ, ಮೀಟಿಂಗಿಗೆ ತಯಾರಿ."

"ಗೋಡೆ ಏನಂತು?"

"ಸಾಹೇಬ್ರಿಗಿಂತ ಚೆನ್ನಾಗಿ ಕೇಳಿಸ್ಕೊಳ್ತು ಕಂದಾ!" ಉತ್ತರ ಆ ಕಡೆಯಿಂದಲೇ ಬಂತು.

ಅಕ್ಕ ಕಾಡಂಚಿನ ಮೂಲನಿವಾಸಿ ಜನರವರು. ತಾಯಿಯಿಲ್ಲದ ಅವರನ್ನು ಚಿಕ್ಕಮ್ಮ ಸಾಕಿ, ಹಟ ಹಿಡಿದು ಹಾಸ್ಟೆಲಿಗೆ ಸೇರಿಸಿದರಂತೆ. ಅವರ ಜನರಲ್ಲಿ ನರ್ಸ್ ಆದವರು ಇವರೇ ಮೊದಲು. ರೋಗಿಗಳನ್ನು ಗದರುವುದರಲ್ಲಿ ಎತ್ತಿದ ಕೈ. ಗದರಿದ ಮೇಲೆ ಅದೇ ರೋಗಿಯ ಕಾಲೊತ್ತುತ್ತಾ ಕೂರುವವರೂ ಅವರೇ.

ಈಗ ಆರೋಗ್ಯ ಇಲಾಖೆ ಅವರ ಜನರಿಗೆಂದು ಹೊಸ ನೀತಿ ಮಾಡಲು ಹೊರಟಿದೆ, "ಅವರೊಂದಿಗೆ ಸೇರಿಕೊಂಡು". ಸೇರಿಕೊಳ್ಳುವುದೆಂದರೆ ಇಲಾಖೆಯ ಸಾಹೇಬರ ಲೆಕ್ಕದಲ್ಲಿ ಅಕ್ಕನನ್ನು ವಾರ್ಡಿನಿಂದ ಕರೆಸಿ ಕುರ್ಚಿಯಲ್ಲಿ ಕೂರಿಸುವುದು. ಬಸುರಿಯರನ್ನು ಹೆರಿಗೆಗೆ ಮುಂಚೆಯೇ ಪಟ್ಟಣಕ್ಕೆ ತಂದಿಡಬೇಕು, ಜೊತೆಗೆ ಮನೆಯವರು ಇರುವಂತಿಲ್ಲ ಎಂಬುದು ಆ ನೀತಿಯ ಒಂದು ನಿಯಮ.

ಅಕ್ಕನ ಜನರಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಹೂಂ ಅನ್ನುವ ಪದ್ಧತಿಯಿಲ್ಲ. ಮಾತನ್ನು ಮನೆಮನೆಗೆ ಒಯ್ಯಬೇಕು, ಅದು ಯಾರ ಮೈಗೆ ತಗಲುವುದೋ ಅವರ ಬಾಯಿಂದಲೇ ಕೇಳಿ ಬರಬೇಕು. ಅಲ್ಲಿಯವರೆಗೆ ಸುಮ್ಮನಿರುವುದು ಮರ್ಯಾದೆ. ಕಳೆದ ಸಭೆಯಲ್ಲಿ ಅಕ್ಕ ಹಾಗೆಯೇ ಸುಮ್ಮನಿದ್ದರು. ಸಾಹೇಬರು "ಒಪ್ಪಿದ್ದಾರೆ" ಎಂದು ಚಪ್ಪಾಳೆ ತಟ್ಟಿಸಿಬಿಟ್ಟರು!

ಸುದ್ದಿ ಊರು ಮುಟ್ಟಿತು. ಚಿಕ್ಕಮ್ಮ ಆಸ್ಪತ್ರೆಗೇ ಬಂದು, "ನಮ್ಮನ್ನ ಕೇಳದೆ ನಮ್ಮ ಹೆಣ್ಣುಮಕ್ಕಳನ್ನ ಕೊಟ್ಟುಬಿಟ್ಯಾ?" ಎಂದು ಕೇಳಿ, ನೀರೂ ಮುಟ್ಟದೆ ಹೋದರು. ಚಿಕ್ಕಮ್ಮನ ಸೊಸೆ ತುಂಬು ಬಸುರಿ, ಮೈಯಲ್ಲಿ ರಕ್ತವಿಲ್ಲ. ಅವಳನ್ನಿನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದಿಲ್ಲವಂತೆ. ಅಕ್ಕನ ಎದೆಗೆ ಕಲ್ಲು ಬಿದ್ದದ್ದು ಅಲ್ಲಿ.

ಇವತ್ತಿನ ಮೀಟಿಂಗ್ ಮುಗಿಸಿ ಸಂಜೆ ನೇರ ನಮ್ಮ ಮನೆಗೆ ಬಂದರು. ಬ್ಯಾಗನ್ನು ಮಂಚಕ್ಕೆಸೆದು ಕೂತರು. ಕಾಲಿಗೆ ಬಿಸಿನೀರು ತಂದಿಟ್ಟೆ.

"ಏನಾಯ್ತಕ್ಕಾ?"

"ಏನಾಗುತ್ತೆ, ನನ್ನ ತಲೆ! ನಾನು ಒಪ್ಪಿಲ್ಲ, ಊರಲ್ಲಿ ಕೇಳ್ಕೊಂಡು ಬರ್ತೀನಿ, ರಜೆ ಕೊಡಿ ಅಂದೆ. 'ನೀವೂ ಅವರ ಜನವೇ ತಾನೇ ಸಿಸ್ಟರ್, ಕನ್ನಡಿ ಮುಂದೆ ನಿಂತು ಕೇಳ್ಕೊಳ್ಳಿ' ಅಂದ ಆ ಮಹಾನುಭಾವ. ಎಲ್ಲರೂ ಹಲ್ಲು ಬಿಟ್ಟರು."

"ನೀವು ಸುಮ್ನೆ ಬಿಟ್ರಾ?"

"ನೀವೂ ಗಂಡಸರೇ ತಾನೇ ಸಾರ್, ಊರ ಗಂಡಸರೆಲ್ಲರ ಪರವಾಗಿ ಸಂತಾನಹರಣ ಆಪರೇಷನ್‌ಗೆ ಹೂಂ ಅಂದುಬಿಡಿ ಅಂದೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ.

"ನಗಬೇಡ ಕಣೇ. ನಾಳೆ ಮಂತ್ರಿ ಬಂದು, ಎಲ್ಲರೂ ಒಪ್ಪಿದ್ದಾರೆ ಅಂತ ಹೇಳ್ತಾರಂತೆ. ಪಕ್ಕದಲ್ಲಿ ನಿಂತು ಫೋಟೋಗೆ ಹಲ್ಲು ಕಿರಿಯೋಕೆ ನಾನು ಬೇಕಂತೆ. ರಜೆ ಕೊಡದಿದ್ರೆ ಅಷ್ಟೇ ಹೋಯ್ತು, ನಾಳೆ ಮೊದಲ ಬಸ್ಸಿಗೇ ಊರಿಗೆ ಹೊರಡ್ತೀನಿ. ಚಿಕ್ಕಮ್ಮ ಬೈದು ಮುಗಿಸೋವರೆಗೂ ಅವರ ಬಾಗಿಲಲ್ಲೇ ಕೂತಿರ್ತೀನಿ. ಆಮೇಲೆ ಮನೆಮನೆಗೆ ಹೋಗಿ ಕೇಳ್ತೀನಿ."

ನೀರಿನಿಂದ ಕಾಲು ತೆಗೆದು, ನನ್ನ ಕೈ ಹಿಡಿದುಕೊಂಡರು.

"ನಾಳೆ ನನ್ನ ಕರ್ಕೊಂಡು ಹೋಗೋಕೆ ಸಾಹೇಬ್ರೇ ಜೀಪಲ್ಲಿ ಬರ್ತಾರೆ. ನೀನು ಬಾಗಿಲಿಗೆ ಹೋಗು. ಹುಷಾರಿಲ್ಲ ಗಿಷಾರಿಲ್ಲ ಅಂತೆಲ್ಲ ಹೇಳಬೇಡ. ಒಪ್ಪಿಲ್ಲ, ಕೇಳೋಕೆ ಹೋಗಿದ್ದಾರೆ ಅನ್ನು. ಉತ್ತರ ಬೇಕಿದ್ರೆ ಜೀಪನ್ನ ನಮ್ಮೂರ ಕಡೆಗೇ ತಿರುಗಿಸಲಿ. ಇಷ್ಟನ್ನ ಅವರ ಮುಖಕ್ಕೆ ಹೇಳ್ತೀಯಾ ನನಗೋಸ್ಕರ?"