ನೂರು ಬೆಳ್ಳಿಯ ಹಾರೈಕೆ

ಮಾಂಟ್ರಿಯಲ್‌ನ ಈ ಯೆಹೂದಿ ಬೀದಿಗೆ ಹಿಮ ಗುಡಿಸುವ ಗಾಡಿ ಇನ್ನೂ ಬಂದಿಲ್ಲ. ನಸುಕಿನ ಪ್ರಾರ್ಥನೆ ಮುಗಿಸಿ ಬಂದ ಫೈವೆಲ್ ಟೈಟ್ಸ್ ಅಡುಗೆಮನೆಯ ಮೇಜಿಗೆ ಬಾಗಿ, ಟರ್ಕಿ ಕೋಳಿಯ ಗರಿಯನ್ನು ಮಸಿಯಲ್ಲಿ ಅದ್ದುತ್ತಾರೆ. ಎದುರಿಗಿರುವುದು ಇಂದು ಸಂಜೆ ಚಪ್ಪರದಡಿ ಓದಬೇಕಾದ ಕತುಬಾ. ಅನ್ನ, ವಸ್ತ್ರ, ದಾಂಪತ್ಯಗಳಲ್ಲಿ ಕೊರತೆ ಮಾಡೆನೆಂದು ವರನು ವಧುವಿಗೆ ಬರೆದುಕೊಡುವ ವಿವಾಹದ ಕರಾರು. ಆ ಹಾಳೆಗೆ ಗೆರೆ ಎಳೆದುಕೊಟ್ಟವಳು ಪಕ್ಕದಲ್ಲೇ ಕುಳಿತ ಮಗಳು ಬ್ರೈಂಡೆಲ್.

ಪತ್ರ ಒಯ್ಯಲು ಬಂದ ವಧುವಿನ ತಾಯಿ ಗಿಟ್ಟೆಲ್ ಹೊಸ್ತಿಲಲ್ಲೇ ನಿಲ್ಲುತ್ತಾಳೆ. “ರೆಬ್ ಫೈವೆಲ್, ಇದಕ್ಕೂ ಅವಳ ಕೈಲೇ ಗೆರೆ ಹಾಕಿಸಿದ್ರಾ? ಶುಭಕಾರ್ಯ ನೋಡಿ, ಅದಕ್ಕೇ ಕೇಳ್ದೆ…”

“ಗೆರೆ ನೆಟ್ಟಗೇ ಇದೆ, ಗಿಟ್ಟೆಲಮ್ಮಾ,” ಎನ್ನುತ್ತಾಳೆ ಬ್ರೈಂಡೆಲ್. “ಸೊಟ್ಟಗಿದ್ದದ್ದು ಗಂಡ.”

ಗಿಟ್ಟೆಲ್ ತನಗೆಂದು ಇಟ್ಟಿದ್ದ ಜೇನಿನ ಕೇಕನ್ನು ಮುಟ್ಟದೆ, ಪತ್ರವನ್ನು ಮಾತ್ರ ಸುರುಳಿ ಸುತ್ತಿಕೊಂಡು ಹೊರಡುತ್ತಾಳೆ.

ಫೈವೆಲ್‌ಗೆ ಅರವತ್ತಮೂರು. ಮೂವತ್ತೆಂಟು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕರಾರುಗಳು ಈ ಕೈಯಿಂದ ಇಳಿದಿವೆ. ಒಂದಕ್ಕೆ ಎರಡು ದಿನದ ದುಡಿಮೆ. ಕಣ್ಣಿಗೆ ಪೊರೆ ಕವಿಯುತ್ತಿದೆ. ವಧೂವರರ ಹೆಸರು, ಇಬ್ಬರು ಸಾಕ್ಷಿಗಳ ಹೆಸರು ಪತ್ರದಲ್ಲಿರುತ್ತವೆ. ಬರೆದವನ ಹೆಸರಿಗೆ ಅಲ್ಲಿ ಜಾಗವಿಲ್ಲ.

“ಇವಳದ್ದಕ್ಕೆ ಮಾತ್ರ ಒಂದು ತಿಂಗಳು ತಗೊಂಡೆ. ಅಂಚಿಗೆಲ್ಲ ದಾಳಿಂಬೆ ಬಿಡಿಸಿದ್ದೆ,” ಎಂದು ಮಗಳತ್ತ ನೋಡುತ್ತಾರೆ.

ಆ ದಾಳಿಂಬೆಗಳ ನಡುವೆ ಹೆಸರು ಬರೆಸಿಕೊಂಡ ಅಳಿಯ ಮನೆಬಿಟ್ಟು ಏಳು ವರ್ಷ. ದೂರವೇನೂ ಹೋಗಿಲ್ಲ, ಎರಡು ಬೀದಿಯಾಚೆ ಇದ್ದಾನೆ. ಬಿಡುಗಡೆಯ ಪತ್ರವನ್ನು ಗಂಡನೇ ಮನಸಾರೆ ಕೊಡದೆ ಹೆಂಡತಿ ಇನ್ನೊಬ್ಬನನ್ನು ವರಿಸುವಂತಿಲ್ಲ. ರಬ್ಬಿಗಳ ನ್ಯಾಯಪೀಠ ಮೂರು ಸಲ ಕರೆಸಿತು. ಮೂರು ಸಲವೂ ಆತ ಬರಲಿಲ್ಲ. ಆದರೂ ಶನಿವಾರ, ಶಬ್ಬತ್ತಿನ ವಿಶ್ರಾಂತಿಯ ದಿನ, ಧರ್ಮಗ್ರಂಥ ಓದುವ ಗೌರವ ಅವನಿಗೇ ಸಲ್ಲುತ್ತದೆ. ಕಂಠ ಸೊಗಸಾಗಿದೆಯಂತೆ. ಫೈವೆಲ್ ಈಗ ಬೇರೊಂದು ಪ್ರಾರ್ಥನಾಮಂದಿರಕ್ಕೆ ಹೋಗುತ್ತಾರೆ.

ಧರ್ಮವನ್ನು ಅವರು ದೂರುವುದಿಲ್ಲ. “ಹೆಂಡ್ತೀನ ಸಲೀಸಾಗಿ ಹೊರಗೆ ಹಾಕಬಾರದು ಅಂತ ಹಿರಿಯರು ಈ ಕರಾರು ಮಾಡಿದ್ರು. ಇವನು ಹೊರಗೂ ಹಾಕಲ್ಲ, ಒಳಗೂ ಕರೆಯಲ್ಲ. ಇಂಥವನೊಬ್ಬ ಹುಟ್ಟಿಬರ್ತಾನೆ ಅಂತ ಅವರಿಗೆ ತೋಚ್ಲಿಲ್ವೋ ಏನೋ,” ಎಂದು ಗರಿಯ ತುದಿಯನ್ನು ಚೂಪು ಮಾಡುತ್ತಾರೆ.

ಆಸೆಯೇನಾದರೂ ಉಳಿದಿದೆಯೇ ಎಂದು ಕೇಳಿದರೆ ಫೈವೆಲ್ ಹೇಳುವುದಿಷ್ಟು:

“ಕನ್ಯೆಯ ಪತ್ರದಲ್ಲಿ ಗಂಡ ಕೊಡಬೇಕಾದ್ದು ಇನ್ನೂರು ಬೆಳ್ಳಿ ನಾಣ್ಯ ಅಂತ ಬರೀತೀವಿ. ಬಿಡುಗಡೆಯಾಗಿ ಮತ್ತೆ ಮದುವೆ ಆಗೋಳಿಗೆ ನೂರೇ. ಮಗಳಿಗೆ ಕಮ್ಮಿ ಬರೀಲಿ ಅಂತ ಯಾವ ತಂದೆ ಬೇಡ್ಕೋತಾನೆ, ಹೇಳಿ? ನಾನು ದಿನಾ ಬೇಡ್ಕೋತೀನಿ. ಕಣ್ಣು ಪೂರ್ತಿ ಹೋಗೋದ್ರೊಳಗೆ ಇವಳ ಹೆಸರಿಗೆ ಆ ನೂರು ಬರೀಬೇಕು.”

ಬ್ರೈಂಡೆಲ್ ತಲೆಯೆತ್ತುವುದಿಲ್ಲ. ನಾಳಿದ್ದಿನ ವಧುವಿಗಾಗಿ ಹಾಳೆಯ ಮೇಲೆ ಅಳತೆಕೋಲು ಇಟ್ಟಿದ್ದಾಳೆ.

“ಅದಕ್ಕೂ ಗೆರೆ ನಾನೇ ಹಾಕ್ತೀನಿ, ಅಪ್ಪಾ,” ಎನ್ನುತ್ತಾಳೆ.