ಬಿಳಿ ಹೂವಿನ ಗರುಗ

ಸಿದ್ದಾಪುರ ಪೇಟೆಯ ಔಷಧಿ ಅಂಗಡಿಯಲ್ಲಿ ಹೋದ ವಾರ ತಲೆಗೆ ಹಚ್ಚುವ ಎಣ್ಣೆಯೊಂದನ್ನು ಕೊಂಡೆ. ಅವ್ವ ತೀರಿಕೊಂಡು ಮೂರು ತಿಂಗಳಾಯಿತು. ಈಚೆಗೆ ನನ್ನ ಕೂದಲೂ ಉದುರುತ್ತಿದೆ. ದುಃಖಕ್ಕೆ ಹಾಗಾಗುತ್ತದಂತೆ. ಮನೆಗೆ ಬಂದು ಮುಚ್ಚಳ ತೆಗೆದೆ. ಗರುಗದ ಸೊಪ್ಪಿನ ಕಹಿ ವಾಸನೆ, ಅದರ ಹಿಂದೆ ಮೆಂತೆ, ಅದರ ಹಿಂದೆ ಸುಟ್ಟ ಬತ್ತಿ. ಬಾಟಲಿಯೊಳಗೆ ಸುಟ್ಟ ಬತ್ತಿ ಇರಲಾರದು. ಅದು ಕೋಲಸಿರ್ಸಿಯ ನಮ್ಮ ಅಡುಗೆಮನೆಯದು. ಆ ಮನೆ ಈಗಿಲ್ಲ.

ಅವ್ವ ಎಣ್ಣೆ ಕಾಸುವ ದಿನ ನಾನು ಬೆಳಿಗ್ಗೆಯೇ ಗದ್ದೆಯ ಬದುವಿಗೆ ಹೋಗಿ ಗರುಗ ಕಿತ್ತು ತರಬೇಕಿತ್ತು. "ಬಿಳಿ ಹೂವಿಂದೇ ತಗಂಡು ಬಾ ತಂಗಿ. ಅರಿಶಿನ ಹೂವಿಂದು ಮುಟ್ಬೇಡ," ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಕಿರಿಮಗಳಾದ ನನ್ನನ್ನು ಅವಳು ಕರೆಯುತ್ತಿದ್ದದ್ದೇ ತಂಗಿ ಎಂದು. ಸೊಪ್ಪು ಅರೆದ ಅವಳ ಅಂಗೈ ಎರಡು ದಿನ ಕಪ್ಪಾಗಿಯೇ ಇರುತ್ತಿತ್ತು. ಗರುಗ, ಒಂದೆಲಗ, ಕರಿಬೇವು, ದಾಸವಾಳದ ಎಲೆ, ಮೆಂತೆ ಎಲ್ಲವೂ ತೆಂಗಿನೆಣ್ಣೆಯಲ್ಲಿ ಕುದಿದು ಹದಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ ಅವ್ವ ಕಿವಿಗೊಡುತ್ತಿದ್ದಳು. ಚಟಚಟ ಎಂದರೆ ಸೊಪ್ಪಿನ ನೀರು ಇನ್ನೂ ಉಳಿದಿದೆ. ಸದ್ದಿಲ್ಲದೆ ಉರಿದರೆ ಎಣ್ಣೆ ಆಯಿತು. ನಿಮ್ಮ ಮನೆಯಲ್ಲೂ ಹೀಗೆ ಕಿವಿಗೊಟ್ಟು ಕೂತವರು ಒಬ್ಬರು ಇದ್ದಿರಬಹುದು.

ನನ್ನ ಅಕ್ಕ ನಾಗವೇಣಿಗೆ ಹತ್ತೊಂಬತ್ತು ತುಂಬಿದ ವರ್ಷ ಕೂದಲು ಉದುರತೊಡಗಿತು. ಗಂಟುನೋವು, ಸಂಜೆ ಸಣ್ಣ ಜ್ವರ ಎಂದೂ ಹೇಳುತ್ತಿದ್ದಳು. ನಮ್ಮ ಕಣ್ಣಿಗೆ ಬಿದ್ದದ್ದು ಕೂದಲು ಮಾತ್ರ. ಅವ್ವ ಎಣ್ಣೆ ಕಾಸಿದಳು, ಉದುರುವುದು ನಿಲ್ಲಲಿಲ್ಲ. ಪಾಕ ಏರಿತೆಂದು ಮತ್ತೆ ಕಾಸಿದಳು, ಒಂದೆಲಗ ಕಡಿಮೆಯಾಯಿತೆಂದು ಮೂರನೆಯ ಸಲ. "ದಿಂಬಿಗೆ ಚಲೋ ಕೂದ್ಲು ಬಂತು ನೋಡೇ ಅವ್ವ. ಇನ್ನೊಂದು ವಾರ ಬಿಟ್ರೆ ಜಡೆ ಹಾಕ್ಬೋದು," ಎಂದು ಅಕ್ಕ ನಗುತ್ತಿದ್ದಳು. "ಬಾಯ್ ಮುಚ್ಚೇ ಮಾರಾಯ್ತಿ, ತಲೆ ಬಗ್ಸು," ಎನ್ನುತ್ತಿದ್ದಳು ಅವ್ವ. ನಾಲ್ಕನೆಯ ಸಲ ಕಾಸುವಾಗ ಅವಳು ನಾನು ತಂದ ಸೊಪ್ಪನ್ನು ಒಂದೊಂದೇ ಎಲೆ ತಿರುವಿ ನೋಡಿದಳು. ಇಷ್ಟು ದಿನ ನಾನು ತಂದದ್ದು ಬೇರೆ ಗಿಡವಿರಬೇಕು ಎಂಬ ಅನುಮಾನ ಅವಳಲ್ಲಿ ಅಂದು ಹುಟ್ಟಿತು.

ಅಕ್ಕನ ಕಾಲು, ಮುಖ ಊದಿಕೊಂಡ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೂದಲು ಯಾವಾಗಿನಿಂದ ಉದುರುತ್ತಿದೆ ಎಂದು ಡಾಕ್ಟರು ಕೇಳಿದರು. "ನಾಕ್ ಸಲ ಎಣ್ಣೆ ಕಾಸಾಯ್ತು ಡಾಕ್ಟ್ರೆ," ಎಂದಳು ಅವ್ವ. ಅವರಿಗೆ ಅರ್ಥವಾಗಲಿಲ್ಲ. "ಒಂದು ವರ್ಷ ಆಯ್ತು," ಎಂದೆ ನಾನು. ಅಪ್ಪ ಮೊದಲೇ ತೀರಿಹೋಗಿದ್ದರಿಂದ, ಓದು ಬರುವವಳು ನಾನೊಬ್ಬಳೇ ಆಗಿದ್ದರಿಂದ, ಅವರು ನನ್ನನ್ನು ವರಾಂಡಕ್ಕೆ ಕರೆದು ಹೇಳಿದರು: ಇದು ಕೂದಲಿನ ರೋಗವಲ್ಲ, ಮೈಯೊಳಗಿನದು, ಈಗ ಮೂತ್ರಪಿಂಡಕ್ಕೆ ಹೋಗಿದೆ, ಕೂದಲು ಉದುರಲು ಶುರುವಾದಾಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ಒಳಗೆ ಅವ್ವ ಅಕ್ಕನ ಪಾದ ತಿಕ್ಕುತ್ತಿದ್ದಳು. ಡಾಕ್ಟರ ಆ ಕೊನೆಯ ಮಾತು ಅವಳವರೆಗೆ ಹೋಗಲು ನಾನು ಬಿಡಲಿಲ್ಲ. ಅಕ್ಕ ಆ ತಿಂಗಳೇ ಹೋದಳು.

ಅವ್ವ ಮತ್ತೆ ಎಣ್ಣೆ ಕಾಸಲಿಲ್ಲ. ಆದರೆ ಎಷ್ಟೋ ವರ್ಷ, ಅಕ್ಕಿ ಆರಿಸುತ್ತಲೋ ಬಟ್ಟೆ ಮಡಿಸುತ್ತಲೋ ಕೇಳುತ್ತಿದ್ದಳು, "ತಂಗಿ, ನೀ ತಂದಿದ್ದು ಬಿಳಿ ಹೂವಿಂದೇ ಅಲ್ದನೇ?" ಬೈಯುವ ದನಿಯಾಗಿರಲಿಲ್ಲ. ಬಿಳಿಯದೇ ಎಂದುಬಿಟ್ಟರೆ ತಪ್ಪೆಲ್ಲ ಸೊಪ್ಪಿನ ಮೇಲಿಂದ ಎದ್ದು, ಒಂದು ವರ್ಷ ಎಣ್ಣೆ ಹಚ್ಚುತ್ತ ಕೂತ ಅವಳ ಮೇಲೆ ಬೀಳುತ್ತಿತ್ತು. "ನೆನಪಿಲ್ಲೆ ಅವ್ವ," ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಕೆಲಸಕ್ಕೆ ತಿರುಗುತ್ತಿದ್ದಳು. ಬಿಳಿಯದೇ ಆಗಿತ್ತು. ನಾಲ್ಕೂ ಸಲ. ಈಗ ಹೇಳಬಹುದು, ಕೇಳುವವರಿಲ್ಲ.