ರೋಸಿಗೆ ಮೊದಲು ಅಂಗಳ ಒಣಗಬೇಕಿತ್ತು

ನನ್ನ ಗಂಡನಿಗೆ ಊರವರ ಮನೆಯ ನೆಲವೆಲ್ಲ ಕಾಣುತ್ತದೆ, ನಮ್ಮ ಮನೆಯದು ಮಾತ್ರ ಕಾಣುವುದಿಲ್ಲ. ಅಬುಧಾಬಿಯಲ್ಲಿ ಅವರ ಕೆಲಸವೇ ಕಾಂಕ್ರೀಟ್ ನೆಲಕ್ಕೆ ಕೋಟಿಂಗ್ ಹಾಕಿಸುವುದು. ವಿಲ್ಲಾಗಳ ಗ್ಯಾರೇಜು, ಅಂಗಳ, ತಾರಸಿ ಇವೆಲ್ಲ ಬಿಸಿಲಿಗೆ ಬಿರಿಯದಂತೆ, ಮರಳಿಗೆ ಸವೆದು ಪುಡಿಯಾಗದಂತೆ ಮೇಲೊಂದು ಗಟ್ಟಿ ಪದರ ಬಳಿಸುತ್ತಾರೆ. ಅವರು ಮಾಡಿಸಿದ ನೆಲದಲ್ಲಿ ಮುಖ ನೋಡಿ ತಲೆ ಬಾಚಬಹುದು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಬಾಡಿಗೆ ವಿಲ್ಲಾದ ಅಂಗಳ ಮಾತ್ರ ವರ್ಷವಿಡೀ ಬಿಳಿಪುಡಿ ಉದುರಿಸುತ್ತ ಬಿದ್ದಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ನಾನು ಪೊರಕೆ ಹಿಡಿದು ಬೈಯುವುದು, ಅವರು "ಚಳಿಗಾಲಕ್ಕೆ ನೋಡುವ" ಅನ್ನುವುದು, ಹೀಗೇ ಎಷ್ಟೋ ಚಳಿಗಾಲ ಹೋದವು.

ಅಂಗಳದ ಅದೃಷ್ಟ ತೆರೆದದ್ದು ಮಗಳ ಮದುವೆ ನಿಶ್ಚಯವಾದಾಗ. ಕೊಂಕಣಿ ಮಾತಾಡುವ ನಮ್ಮ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ರೋಸ್ ಎಂಬ ಶಾಸ್ತ್ರವಿದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಕೊಬ್ಬರಿ ಎಣ್ಣೆ ಇಟ್ಟು, ಮೈಮೇಲೆ ತೆಂಗಿನ ಹಾಲು ಸುರಿಯುತ್ತೇವೆ. ಇಲ್ಲಿ ಹೆಚ್ಚಿನವರು ಅದನ್ನು ಹೋಟೆಲಿನಲ್ಲಿ ಪ್ಲಾಸ್ಟಿಕ್ ಹಾಸಿ ಮುಗಿಸುತ್ತಾರೆ. ಮಗಳು ಮಾತ್ರ ಹಟ ಹಿಡಿದಳು. ರೋಸ್ ಮನೆಯಲ್ಲೇ ಆಗಬೇಕು, ಈ ಅಂಗಳದಲ್ಲೇ ಆಗಬೇಕು, ಮೊದಲು ಎಣ್ಣೆ ಇಡುವವರು ಅಜ್ಜಿಯೇ ಆಗಬೇಕು.

ಅಜ್ಜಿ, ಅಂದರೆ ನನ್ನ ಅತ್ತೆ, ಮದುವೆಗೆಂದು ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿಳಿದಿದ್ದರು. ನಮ್ಮಲ್ಲಿ ಅತ್ತೆಯನ್ನು ಮಾಂಯ್ ಅನ್ನುತ್ತೇವೆ. ಮಾಂಯ್‌ಗೆ ಈ ಏರ್ಪಾಡು ಒಂಚೂರೂ ಹಿಡಿಸಲಿಲ್ಲ.

"ರೋಸ್ ಆಗುವುದು ಊರಿನ ಮನೆ ಅಂಗಳದಲ್ಲಿ. ಇದೆಂತ ಅಂಗಳ? ವೀಸಾ ಮುಗಿದರೆ ನಾಳೆ ಬೇರೆ ಯಾರದ್ದೋ!"

"ಗ್ರ್ಯಾನಿ, ಐ ಲರ್ನ್ಡ್ ಟು ವಾಕ್ ಹಿಯರ್," ಅಂದಳು ಮಗಳು. ನಾವು ಕೊಂಕಣಿಯಲ್ಲಿ ಏನೇ ಕೇಳಲಿ, ಅವಳ ಉತ್ತರ ಇಂಗ್ಲಿಷಿನಲ್ಲೇ. ಮಾಂಯ್‌ಗೆ ಅರ್ಥವಾಯಿತೋ ಇಲ್ಲವೋ, ಅವಳ ಮುಖ ನೋಡಿ "ಆಯ್ತು, ಮಾಡಿ ಸಾಯಿ" ಅಂದುಬಿಟ್ಟರು. ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗುವುದು ಇದೇ ಭಾಷೆಯಲ್ಲಿ.

ಈಗ ಗಂಡನಿಗೆ ಜಾರಿಕೊಳ್ಳಲು ದಾರಿ ಇರಲಿಲ್ಲ. ಬರಿಯ ಕಾಂಕ್ರೀಟು ತೆಂಗಿನ ಹಾಲನ್ನೆಲ್ಲ ಕುಡಿದರೆ, ಅದು ಮರುದಿನದ ಬಿಸಿಲಿಗೆ ಹುಳಿಯಾಗಿ ಮೂಗು ಮುಚ್ಚುವ ಹಾಗಾಗುತ್ತದೆ. ಮನೆಯ ಮಾಲೀಕರನ್ನು ಕೇಳಿದರೆ ಆ ಅರಬ್ ಹಿರಿಯರು ನಕ್ಕು, "ಮದುವೆ ನಿಮ್ಮ ಮಗಳದ್ದು, ಉಡುಗೊರೆ ನನಗಾ? ಯಲ್ಲಾ, ಹಾಕಿ" ಅಂದರು. ಬಿಸಿಲಿನ ಸೊಕ್ಕು ಸ್ವಲ್ಪ ಇಳಿದ ಅಕ್ಟೋಬರ್ ಅದು. ಒಂದು ದಿನ ಮೆಷಿನ್ ತಂದು ಹಳೆಯ ಮೇಲ್ಮೈಯನ್ನೆಲ್ಲ ಉಜ್ಜಿಸಿ, ಪುಡಿಯನ್ನು ಹೀರಿ ತೆಗೆಸಿದರು. ಬಳಿಯುವುದು ಮಾತ್ರ ಮರುದಿನ ಸಂಜೆಗೆ ಅಂದರು. ಬೆಳಿಗ್ಗೆ ಬಿಸಿಲಿಗೆ ಕಾಯುವಾಗ ಕಾಂಕ್ರೀಟು ಉಸಿರು ಹೊರಗೆ ಬಿಡುತ್ತದಂತೆ, ಸಂಜೆ ತಣಿಯುವಾಗ ಒಳಗೆ ಎಳೆಯುತ್ತದಂತೆ. ಎಳೆಯುವ ಹೊತ್ತಿಗೆ ಬಳಿದರೆ ಕೋಟಿಂಗ್ ಗಟ್ಟಿ ಹಿಡಿಯುತ್ತದೆ. ನನ್ನ ಮಾತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಮನುಷ್ಯ ಕಾಂಕ್ರೀಟಿನ ಉಸಿರನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವುದು ಕಂಡು ನನಗೆ ಹೊಟ್ಟೆಯುರಿಯಿತು.

ಹೇಳಿದಂತೆ ಮರುದಿನ ಸಂಜೆ ಬಳಿದದ್ದಾಯಿತು. ಕಾಲು ಸುಡದಿರಲಿ ಎಂದು ತಿಳಿ ಮರಳಿನ ಬಣ್ಣ. ಗಂಡ ಸೊಂಟದ ಮೇಲೆ ಕೈಯಿಟ್ಟು ತಾನೇ ಮದುಮಗನೆಂಬಂತೆ ನಿಂತಿದ್ದರು. ಅದರ ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ನೆಲದ ತುಂಬ ಗುಳ್ಳೆಗಳು ಎದ್ದವು. ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ, ಒಂದರ ಪಕ್ಕ ಒಂದು. ಗಂಡ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮಾಲು ಸರಿಯಿಲ್ಲ ಅಂದರು, ಕಲಸಿದವರು ಸರಿಯಿಲ್ಲ ಅಂದರು, ಕೊನೆಗೆ ಕೈ ತೊಳೆದು ಊಟಕ್ಕೆ ಬಂದು ಕೂತರು.

"ಅಷ್ಟು ಚಂದ ತೊಳೆದು ಕೊಟ್ಟಿದ್ದೆ, ಮತ್ತೆ ಹೇಗೆ ಹಾಳಾಯಿತು ಮಾರಾಯ?" ಅಂದರು ಮಾಂಯ್.

ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ತೊಳೆದದ್ದಾ? ಯಾವಾಗ ಅಮ್ಮ?"

"ನಿನ್ನೆ ಬೆಳಿಗ್ಗೆ. ನೀವೆಲ್ಲ ಮಲಗಿದ್ದಿರಿ. ಶುಭಕಾರ್ಯದ ಅಂಗಳವನ್ನು ತೊಳೆಯದೆ ಬಿಡ್ಲಿಕ್ಕೆ ಆಗ್ತದಾ? ಬಾಲ್ದಿ ಬಾಲ್ದಿ ನೀರು ಹೊತ್ತು ತಿಕ್ಕಿದ್ದೇನೆ!"

ಮೆಟ್ಟಲು ಹತ್ತುವಾಗ ಮಂಡಿನೋವೆಂದು ಸ್ವರ್ಗದ ಸಂತರನ್ನೆಲ್ಲ ಕರೆಯುವ ಹೆಂಗಸು! ಅವರು ತೊಳೆದಾದ ಮೇಲೆ ಸೂರ್ಯ ಹುಟ್ಟಿ, ಮರುಭೂಮಿಯ ಬಿಸಿಲು ಮೇಲಿನ ತೇವವನ್ನು ಗಳಿಗೆಯಲ್ಲಿ ಒರೆಸಿಹಾಕಿತ್ತು. ಒಳಗೆ ಇಳಿದ ನೀರು ಅಲ್ಲೇ ಉಳಿದು, ಕೋಟಿಂಗ್ ಹಾಕಿದ ಮೇಲೆ ಕಾದು, ಹೊರಬರಲು ದಾರಿಯಿಲ್ಲದೆ ಗುಳ್ಳೆ ಎಬ್ಬಿಸಿತ್ತು. ಈ ಊರಲ್ಲಿ ಬೇರೆ ಯಾರೂ ಈ ತಪ್ಪು ಮಾಡಲಾರರು. ಅದಕ್ಕೆ ಕರಾವಳಿಯ ಅತ್ತೆಯೇ ವಿಮಾನ ಹತ್ತಿ ಬರಬೇಕು. ನನಗೆ ನಗು ತಡೆಯಲಾಗಲಿಲ್ಲ, ಮೀನುಸಾರು ಮೂಗಿಗೇರಿತು. ಗಂಡನೂ ನಕ್ಕರು.

ಮಾಂಯ್ ನಗಲಿಲ್ಲ. ಮಗ ವಿವರಿಸಿದ್ದನ್ನು ಕೇಳಿ ತಟ್ಟೆ ಸರಿಸಿದರು. "ಹಾಗಾದ್ರೆ ಹುಡುಗಿಯ ರೋಸ್ ನನ್ನ ಕೈಯಿಂದಲೇ ಹಾಳಾಯಿತು. ಹೋಟೆಲಿನಲ್ಲೇ ಮಾಡಿ. ನಾನು ಒಂದು ಮೂಲೆಯಲ್ಲಿ ಕೂರ್ತೇನೆ. ಎಣ್ಣೆ ಇಡ್ಲಿಕ್ಕೆ ಬೇರೆ ಯಾರನ್ನಾದರೂ ನೋಡಿ," ಅಂದರು. ಮಗಳು ಕಣ್ಣು ತುಂಬಿಕೊಂಡು ಎದ್ದು ಹೋದಳು. ನಕ್ಕದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಗಂಡನಿಗೆ ತಾಯಿಯನ್ನು ಸಮಾಧಾನ ಮಾಡುವ ಮಾತು ಬರುವುದಿಲ್ಲ, ಕೆಲಸ ಕೊಡುವುದು ಬರುತ್ತದೆ. ಹಾಕಿದ್ದನ್ನೆಲ್ಲ ಕೆರೆದು ತೆಗೆಸಿದರು. ಬರಿಯ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಚೌಕವೊಂದನ್ನಿಟ್ಟು ಸುತ್ತಲೂ ಟೇಪು ಅಂಟಿಸಿದರು. "ಅಮ್ಮ, ದಿನಾ ಬೆಳಿಗ್ಗೆ ಇದನ್ನು ಎತ್ತಿ ನೋಡಬೇಕು. ಅಡಿಯಲ್ಲಿ ಬೆವರಿನ ಹನಿ ಕಂಡರೆ ನೆಲ ಒಣಗಿಲ್ಲ ಅಂತ ಲೆಕ್ಕ. ನೋಡಿ ಮತ್ತೆ ಹೊಸದು ಅಂಟಿಸು. ಅಲ್ಲಿವರೆಗೆ ಒಂದು ತೊಟ್ಟು ನೀರು ಬೀಳಬಾರದು. ನನಗೆ ಸೈಟಿನ ಕೆಲಸ ಉಂಟು, ಕಾವಲು ನಿನ್ನದೇ."

ಅಷ್ಟು ಸಾಕಾಯಿತು. ಮಾಂಯ್ ಬಾಗಿಲ ನೆರಳಿಗೆ ಕುರ್ಚಿ ಎಳೆದು ಕೂತವರು ಯಾರನ್ನೂ ಬಿಡಲಿಲ್ಲ. ಕುಡಿಯುವ ನೀರಿನ ಕ್ಯಾನ್ ಹೊತ್ತು ಬಂದ ಬಂಗಾಳಿಗೆ ಗೇಟಿನಲ್ಲೇ ತಡೆ: "ಪಾನಿ ಮಾಫಿ! ಯಲ್ಲಾ, ಯಲ್ಲಾ, ಹಿಂದಿನ ಬಾಗಿಲು!" ಮಾಫಿ ಅಂದರೆ ಇಲ್ಲ. ಯಾರೂ ಕಲಿಸದೆ ಇಷ್ಟು ಅರಬಿ ಎಲ್ಲಿಂದ ಬಂತೋ ದೇವರೇ ಬಲ್ಲ. ಡ್ಯೂಟಿಯಿಂದ ಬಂದ ನಾನು ಬಾಟಲಿ ಬಾಯಿಗಿಟ್ಟರೆ "ಮುಚ್ಚಳ ಹಾಕು" ಎಂದು ಗದರಿದರು.

"ನನ್ನ ಮನೆಯಲ್ಲಿ ನೀರು ಕುಡಿಯಲಿಕ್ಕೂ ಇಲ್ವಾ ಮಾಂಯ್?"

"ಒಳಗೆ ನಿನ್ನ ದರ್ಬಾರು. ಹೊರಗೆ ನನ್ನದು."

ಮೊದಲ ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿಗಳು ಧಾರಾಳ ಇದ್ದವು. ಮಾಂಯ್ ಪರೀಕ್ಷೆಯಲ್ಲಿ ಫೇಲಾದ ಮುಖ ಮಾಡಿದರು. ಬರಬರುತ್ತ ಹನಿ ಕಡಿಮೆಯಾಯಿತು. ಮದುವೆ ಹತ್ತಿರವಾದಂತೆ ಹೋಟೆಲಿಗೆ ಗುಟ್ಟಾಗಿ ಫೋನು ಮಾಡಿ ವಿಚಾರಿಸಿಯೂ ಇಟ್ಟಿದ್ದೆ. ಕೊನೆಗೊಂದು ಬೆಳಿಗ್ಗೆ "ಒಣಗಿತೋ, ಒಣಗಿತು!" ಎಂಬ ಕೂಗಿಗೆ ಮನೆಯೆಲ್ಲ ಎದ್ದು ಹೊರಗೋಡಿತು. ಮಾಂಯ್ ಆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಆ ಸಂಜೆಯೇ ಬಳಿದರು. ಎಣ್ಣೆ ಹಾಲು ಬಿದ್ದಾಗ ಯಾರೂ ಜಾರದಿರಲೆಂದು ಹಸಿ ಪದರದ ಮೇಲೆ ಸಣ್ಣ ಹರಳು ಮರಳನ್ನೂ ಉದುರಿಸಿದರು. ಮರುದಿನ ಮಧ್ಯಾಹ್ನದ ಬಿಸಿಲು ಎಷ್ಟು ಕಾದರೂ ಒಂದೇ ಒಂದು ಗುಳ್ಳೆ ಏಳಲಿಲ್ಲ.

ಆದರೂ ಎಣ್ಣೆ ಇಡುವ ಮಾತೆತ್ತಿದರೆ ಮಾಂಯ್ ಬೇಕೆಂದೇ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದರು.

ರೋಸಿನ ಸಂಜೆ ಅಂಗಳದ ತುಂಬ ಜನ. ಹುಡುಗಿ ಮಣೆಯ ಮೇಲೆ ಕೂತಿದ್ದಾಳೆ. ನಾನು ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದೇನೆ. ಹೆಂಗಸರು ಹಾಡಲು ಗಂಟಲು ಸರಿಮಾಡಿಕೊಂಡಿದ್ದಾರೆ. ಮಾಂಯ್ ಕುರ್ಚಿ ಬಿಟ್ಟು ಏಳಲಿಲ್ಲ.

"ನೀನೇ ಇಡು. ಕೆಡಿಸಿದ ಕೈ ಇದು. ಹುಡುಗಿಯ ತಲೆಯ ಮೇಲೆ ಬೇಡ."

ಆಗ ಮಗಳು ಮಣೆಯಿಂದಲೇ, ತೊದಲುವ ಕೊಂಕಣಿಯಲ್ಲಿ, ಒಂದೂ ಇಂಗ್ಲಿಷ್ ಮಾತು ಬೆರೆಸದೆ ಹೇಳಿದಳು: "ಅಜ್ಜಿ, ಈ ಅಂಗಳವನ್ನು ಇಷ್ಟು ದಿನ ಕಾದದ್ದು ಯಾರು? ನೀವು ಎಣ್ಣೆ ಇಡದೆ ನಾನು ಇಲ್ಲಿಂದ ಏಳುವುದಿಲ್ಲ. ಮದುವೆಯೂ ಬೇಡ, ಮದುಮಗನೂ ಬೇಡ."

ಮದುಮಗನ ಕಡೆಯವರು ಇದ್ದಿದ್ದರೆ ಗಾಬರಿಯಾಗುತ್ತಿದ್ದರು. ಮಾಂಯ್ ಎದ್ದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದು ಬಂದು, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಮೊಮ್ಮಗಳ ನೆತ್ತಿಗೆ ಎಣ್ಣೆಯ ಶಿಲುಬೆ ಬರೆದರು. ಆಮೇಲೆ ತೆಂಗಿನ ಹಾಲು. ಹಾಡು ಶುರುವಾಯಿತು, ಹಾಲು ಹೆಗಲಿಂದಿಳಿದು ನೆಲದ ಮೇಲೆ ಹರಿದು ಮೋರಿಯ ಕಡೆ ಹೋಯಿತು. ನಾನು ಅಳುತ್ತ ನಗುತ್ತ ಹಾಡಿದೆ. ಅಷ್ಟು ಸಂತೋಷ ನನಗೆ ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಹಾಡು ಇನ್ನೂ ನಡೆದಿರುವಾಗಲೇ ಊರಿನಿಂದ ಮಾಂಯ್‌ರ ತಂಗಿಯ ವಿಡಿಯೊ ಕಾಲ್ ಬಂತು. ಗದ್ದಲದಲ್ಲಿ ಅವರು ಕಿರುಚಿ ಕೇಳಿದರು, "ರೋಸ್ ಎಲ್ಲಿ ಮಾಡ್ತಾ ಇದ್ದೀರಿ ಅಕ್ಕ? ಯಾವ ಹೋಟೆಲು?"

ಮಾಂಯ್ ಹಾಲು ಅಂಟಿದ ಕೈಯಲ್ಲೇ ಫೋನು ಹಿಡಿದು ಅಂಗಳವನ್ನೆಲ್ಲ ಒಂದು ಸುತ್ತು ತೋರಿಸಿದರು.

"ಹೋಟೆಲು ಯಾಕೆ? ಹುಡುಗಿಗೆ ಮನೆ ಇಲ್ವಾ?" ಅಂದರು.